ಬಕ ನಿಂತ ಜಾಗ

ಬೂದು ಬಕ ಬಂತು ಅಂತ ಮೊದಲು ಕೂಗಿದವಳೇ ಕ್ಯಾಮೆರಾ ಅಕ್ಕ. ಬೇರೆ ಯಾರಾದರೂ ಕೂಗಿದ್ದರೆ ಅವಳೇ ಹೋಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಚಿತ್ರ ನೋಡಿ, "ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಕಣ್ರೀ" ಅಂತ ಗಾದೆ ಬಿಸಾಕಿ ಎಲ್ಲರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದಳು. ಆ ದಿನ ಮಾತ್ರ ಕುರ್ಚಿ ಹಿಂದಕ್ಕೆ ತಳ್ಳಿ, ಆಫೀಸಿನ ತಗಡಿನ ಛಾವಣಿ ಹಾರಿಹೋಗುವಂತೆ ಕಿರುಚಿಬಿಟ್ಟಳು. ಏನು ಮಾಡ್ತೀರಿ, ಮೂರು ವರ್ಷದಿಂದ ಕಾದಿದ್ದಳು. ಕಾದು ಕಾದು ಬಳಲಿದ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಆಫೀಸು ಅಂದರೆ ದೊಡ್ಡದೇನಲ್ಲ. ಊರ ನಡುವೆ ಹರಿಯುವ ನದಿಯ ದಂಡೆಯಲ್ಲಿ ಎರಡು ಕೋಣೆ, ಒಳಗೆಲ್ಲ ಒದ್ದೆ ಬೂಟುಗಳ ವಾಸನೆ. ಅದು ನದಿ ಅಂತ ಹೆಸರಿಗೆ. ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಿ, ಊರಿನ ಕೊಳೆಯನ್ನೆಲ್ಲ ನಡುವೆ ಬಿಟ್ಟು, ಅದನ್ನು ಚರಂಡಿ ಮಾಡಿ ಎಷ್ಟೋ ಕಾಲವಾಗಿತ್ತು. ಅದಕ್ಕೆ ಮತ್ತೆ ಜೀವ ತರುವುದು ಇವರ ಕೆಲಸ. ಕೊಳೆನೀರು ತಡೆಯುವುದು, ಗೋಡೆ ಒಡೆದು ದಂಡೆಯನ್ನು ಇಳಿಜಾರು ಮಾಡುವುದು, ಜೊಂಡು ನೆಡುವುದು, ಆಮೇಲೆ ಮೀನು ಬಂತಾ, ಹಕ್ಕಿ ಬಂತಾ, ನೀರುನಾಯಿ ಬಂತಾ ಅಂತ ಬಾಯಿ ಬಾಯಿ ಬಿಡುತ್ತ ಕಾಯುವುದು. ಇಲ್ಲಿನ ಮುಖ್ಯಸ್ಥೆಗೆ ಜೊಂಡು ಮೇಡಂ ಅಂತಲೇ ಹೆಸರು ಬಿದ್ದಿತ್ತು. "ಊಟ ಆಯ್ತಾ ಮೇಡಂ" ಅಂತ ಕೇಳಿದರೆ "ಮೇಲ್ಗಡೆ ಜೊಂಡು ಚಿಗುರಿದೆ" ಅನ್ನುವ ಹೆಂಗಸು. ಕ್ಯಾಮೆರಾಗಳನ್ನು ಮರಕ್ಕೋ ಕಂಬಕ್ಕೋ ಕಟ್ಟಿ ಬರುವವನು ಏಣಿ. ಅವನನ್ನು ಒಂದು ಸಲ ನೋಡಿದವರು ಆ ಹೆಸರು ಯಾಕೆ ಅಂತ ಕೇಳುತ್ತಿರಲಿಲ್ಲ. ಕ್ಯಾಮೆರಾ ಹಿಡಿದ ಚಿತ್ರಗಳನ್ನು ಕೂತು ನೋಡುವವಳು ಇವಳು. ದಂಡೆಯ ಜನವೆಲ್ಲ ಅವಳನ್ನು ಕ್ಯಾಮೆರಾ ಅಕ್ಕ ಅಂತಲೇ ಕರೆಯುತ್ತಿದ್ದರು.

ಈ ಕ್ಯಾಮೆರಾಗಳ ಸ್ವಭಾವವೇ ಬೇರೆ. ಎದುರಿಗೆ ಬಿಸಿಮೈಯ ಜೀವ ಯಾವುದಾದರೂ ಅಲುಗಿದರೆ ತಾವೇ ಎಚ್ಚೆತ್ತು ಒಂದು ಚಿತ್ರ ತೆಗೆದು ಮತ್ತೆ ಮಲಗುತ್ತವೆ. ವಾರಕ್ಕೊಮ್ಮೆ ಏಣಿ ಕಾರ್ಡುಗಳನ್ನು ಬಿಚ್ಚಿ ತರುತ್ತಾನೆ. ಕಂಪ್ಯೂಟರು ಅವನ್ನು ತಾನೇ ವಿಂಗಡಿಸುತ್ತದೆ: ಹಕ್ಕಿ ಒಂದು ಕಡೆ, ಪ್ರಾಣಿ ಒಂದು ಕಡೆ, ಏನೂ ಇಲ್ಲದ ಖಾಲಿ ಚಿತ್ರ ಒಂದು ಕಡೆ, ಮನುಷ್ಯರು ಇನ್ನೊಂದು ಕಡೆ. ಆ ಮನುಷ್ಯರ ಗುಂಪನ್ನು ಯಾರೂ ತೆರೆದು ನೋಡುವ ಹಾಗಿಲ್ಲ. ಇದ್ದ ಹಾಗೇ ಅಳಿಸಬೇಕು. ಮೊದಲ ವರ್ಷ ದಂಡೆಯ ಜನ ರೇಗಿ, ಕ್ಯಾಮೆರಾಗಳಿಗೆಲ್ಲ ಕೆಸರು ಮೆತ್ತಿದ್ದರು. ಮೆತ್ತದೆ ಇನ್ನೇನು, ಬಟ್ಟೆ ಒಗೆಯುವವರು, ಸ್ನಾನ ಮಾಡುವವರು, ಮನೇಲಿ ಜಾಗ ಸಿಗದೆ ಇಲ್ಲಿಗೆ ಬಂದು ಅಳುವವರು, ಎಲ್ಲರಿಗೂ ಇದೊಂದೇ ದಂಡೆ. ಆಗ ಜೊಂಡು ಮೇಡಂ ಅವರ ಎದುರು ನಿಂತು ಮಾತು ಕೊಟ್ಟರು, ನಿಮ್ಮ ಚಿತ್ರ ನಾವು ನೋಡಲ್ಲ ಅಂತ. ಆ ಮಾತನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವಳು ಕ್ಯಾಮೆರಾ ಅಕ್ಕ. ಒಂದು ಸಲ ಏಣಿ ಕುತೂಹಲಕ್ಕೆ ಇಣುಕಿದ್ದಕ್ಕೆ, "ನಿಮ್ಮಕ್ಕ ಸ್ನಾನ ಮಾಡೋದನ್ನ ಹೀಗೇ ಇಣುಕ್ತೀಯಾ?" ಅಂತ ಎಲ್ಲರೆದುರು ಕೇಳಿ ಅವನ ಮುಖ ಕೆಂಪಾಗಿಸಿದ್ದಳು. ಪ್ರತಿ ವಾರ ಅವಳೇ ಆ ಗುಂಪನ್ನು ಆರಿಸಿ, ಬೇರೆ ಕಡೆ ನೋಡುತ್ತ, ಅಳಿಸುವ ಗುಂಡಿ ಒತ್ತುತ್ತಿದ್ದಳು.

ಇನ್ನು ಅವಳ ಮನೆಯ ವಿಷಯ. ಮನೆಯಲ್ಲಿ ಅವಳು, ಅಮ್ಮ, ಮತ್ತೆ ಅಣ್ಣ ಇದ್ದರು. ಇದ್ದರು ಅಂದೆ. ಐದು ತಿಂಗಳ ಹಿಂದೆ ಅಣ್ಣ ಇಲ್ಲವಾಗಿದ್ದ.

ಅಣ್ಣ ಮೇಸ್ತ್ರಿ. ಗಾರೆ ಕೆಲಸದಲ್ಲಿ ಅವನ ಕೈ ಅಂದರೆ ಕೈ. ಅವನು ಎಳೆದ ಗೆರೆ ಮೇಲೆ ನೀರಿನ ಹನಿ ಇಟ್ಟರೆ ಅದೂ ಯಾವ ಕಡೆ ಹೋಗಲಿ ಅಂತ ಯೋಚಿಸಬೇಕು. ನದಿಯ ಆ ಗೋಡೆಯನ್ನು ಕಟ್ಟಿದವರಲ್ಲಿ ಅವನೂ ಒಬ್ಬ. ಮೀಸೆ ಚಿಗುರುವ ವಯಸ್ಸಿಗೆ ಕೂಲಿಯಾಗಿ ಸೇರಿ, ಮೊಣಕಾಲು ನೀರಿನಲ್ಲಿ ನಿಂತು ಬುನಾದಿ ಹಾಕಿ, ಕೆಲಸ ಮುಗಿಯುವ ಹೊತ್ತಿಗೆ ಮೇಸ್ತ್ರಿಯಾಗಿದ್ದ. ಅದಕ್ಕೂ ಹಿಂದಿನ ಒಂದು ನೆರೆಯಲ್ಲಿ ಅವರ ಅಪ್ಪ ಕೊಚ್ಚಿಹೋಗಿದ್ದರು. ಹಾಗಾಗಿ ಆ ಗೋಡೆ ಅವನಿಗೆ ಬರೀ ಗೋಡೆಯಲ್ಲ. "ಇನ್ನು ಯಾರ ಅಪ್ಪನೂ ಹೋಗಲ್ಲ" ಅಂತ ಅದರ ಮೇಲೆ ಕೈ ತಟ್ಟಿ ಹೇಳುತ್ತಿದ್ದ.

ಅಂಥ ಗೋಡೆಯನ್ನು ಒಡೆಯುವ ಆಫೀಸಿನಲ್ಲಿ ತಂಗಿಗೆ ಕೆಲಸ. ಮೊದಲು ನಗುತ್ತಿದ್ದ, "ನಾನು ಕಟ್ಟೋದು, ನೀನು ಒಡೆಯೋದು, ಒಳ್ಳೇ ಸಂಸಾರ" ಅಂತ. ನಿಜವಾಗಿಯೂ ಯಂತ್ರ ಬರುವ ದಿನ ಗೊತ್ತಾದ ಮೇಲೆ ನಗು ನಿಂತಿತು. ಅವಳೂ ಸುಮ್ಮನಿರಲಿಲ್ಲ. ಗೋಡೆಯಿಂದಲೇ ನೆರೆ ಜಾಸ್ತಿಯಾಗೋದು, ನೀರಿಗೆ ಹರಡೋಕೆ ಜಾಗ ಬೇಕು, ಅಂತ ಊಟದ ಮಧ್ಯೆ ಪಾಠ ಹೇಳಿದಳು. ಹೇಳಿದ್ದು ಸರಿಯೇ ಇತ್ತು, ಆದರೆ ಹೇಳಿದ ರೀತಿ ಸರಿಯಿರಲಿಲ್ಲ. "ಹಾಗಾದ್ರೆ ನಾನು ಇಪ್ಪತ್ತು ವರ್ಷದಿಂದ ಮೆರೆದದ್ದು ದಂಡ ಅನ್ನು" ಅಂದ ಅವನು. "ದಂಡ ಅಂತ ನಾನಂದ್ನಾ? ತಪ್ಪು ಅಂದೆ" ಅಂದಳು ಇವಳು. ಅವನು ತಟ್ಟೆಯ ಮುಂದಿನಿಂದ ಎದ್ದ. "ಅದು ಬಿದ್ದ ದಿನ ನಾನು ಈ ಮನೇಲಿರಲ್ಲ" ಅಂದ. ಮನೆಮನೆಗಳಲ್ಲಿ ಎಷ್ಟು ಜನ ಎಷ್ಟು ಸಲ ಹೀಗೆ ಅಂದಿಲ್ಲ! ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಡೆ ಬಿದ್ದ ದಿನ ಅವನು ಮನೆಗೆ ಬರಲಿಲ್ಲ. ಮರುದಿನ ನೀರಿನ ಅಂಚಿನಲ್ಲಿ ಅವನ ಚಪ್ಪಲಿ ಸಿಕ್ಕಿತು, ಒಂದರ ಪಕ್ಕ ಒಂದು, ಅವನ ಕೆಲಸದ ಹಾಗೇ ನೇರವಾಗಿ.

ನದಿಯಲ್ಲೆಲ್ಲ ಹುಡುಕಿದರು, ಕೆಳಗಿನ ಸೇತುವೆಯ ತನಕ ಬಲೆ ಹಾಕಿ ಎಳೆದರು. ಏನೂ ಸಿಗಲಿಲ್ಲ. ಕೊನೆಗೆ ಬಂಧುಗಳೆಲ್ಲ ಸೇರಿ, ನೀರು ತಗೊಂಡಿತು, ಒಪ್ಪಿಕೊಳ್ಳಬೇಕು ಅಂದರು. ಇವಳು ಒಪ್ಪಿಕೊಂಡಳು. ಅಮ್ಮ ಒಪ್ಪಲಿಲ್ಲ. "ಚಪ್ಪಲಿ ಬಿಟ್ಟು ನೀರಿಗಿಳಿದಿದಾನೆ, ಅಷ್ಟೇ. ಬರೋದ್ರೊಳಗೆ ನೀವು ಚಪ್ಪಲಿ ಎತ್ಕೊಂಡು ಬಂದ್ರಿ. ಬರಿಗಾಲಲ್ಲಿ ಅವನು ಎಲ್ಲಿಗೆ ಹೋಗ್ಬೇಕು?" ಅನ್ನುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ಕರಣೆಯ ಸದ್ದು ಕೇಳುತ್ತೆ ಅಂತಲೂ ಅನ್ನುತ್ತಿದ್ದಳು. ಅವನು ಗಾರೆ ಹಾಕುವಾಗ ಕರಣೆಯ ಹಿಡಿಯಿಂದ ಇಟ್ಟಿಗೆಗೆ ಎರಡು ಸಲ ತಟ್ಟುವ ಚಾಳಿ, ಟಕ್ ಟಕ್ ಅಂತ. "ಕೇಳಿಸ್ತಾ?" ಅಂತ ಕೇಳಿದಾಗಲೆಲ್ಲ ಮಗಳು "ಇಲ್ಲಮ್ಮ" ಅನ್ನುತ್ತಿದ್ದಳು. ಒಂದೆರಡು ಸಲ ಅವಳಿಗೂ ಕೇಳಿಸಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ.

ಹೀಗಿರುವಾಗ ಬಕ ಬಂತು. ಗೋಡೆ ಒಡೆದು ಮಾಡಿದ ಕೊಲ್ಲಿಯಲ್ಲಿ, ಮುಂಜಾನೆಯ ಮಂಜಿನಲ್ಲಿ, ಬೂದು ಬಣ್ಣದ ತೆಳ್ಳನೆಯ ಒಂದು ಆಕಾರ ಕುತ್ತಿಗೆ ಬಗ್ಗಿಸಿ ನೀರಲ್ಲಿ ನಿಂತಿತ್ತು. ಹೆಬ್ಬೆರಳಿನಷ್ಟು ಚಿತ್ರ. ಕೆಳಗೆ ಕಂಪ್ಯೂಟರು ಬರೆದಿತ್ತು: ಬೂದು ಬಕ. ಒಂದು ದಿನವಲ್ಲ, ಮೂರ್ನಾಲ್ಕು ದಿನ ಅದೇ ಜಾಗ, ಅದೇ ಹೊತ್ತು. ದೊಡ್ಡದು ಮಾಡಿ ನೋಡಬೇಕಿತ್ತು. ನೋಡಲಿಲ್ಲ. ಬಕ ಬಂತು ಅಂದರೆ ಮೀನು ಬಂತು ಅಂತ, ಮೀನು ಬಂತು ಅಂದರೆ ನದಿ ಬದುಕಿತು ಅಂತ. ಅಣ್ಣನನ್ನು ಕಳಕೊಂಡು ಮಾಡಿದ ಕೆಲಸ ದಂಡವಾಗಲಿಲ್ಲ ಅಂತ ಅವಳಿಗೆ ಒಂದು ಗುರುತು ಬೇಕಿತ್ತು, ಸಿಕ್ಕಿತು. ಕಿರುಚಿದಳು, ಆಮೇಲೆ ಮೇಜಿಗೆ ತಲೆಯಿಟ್ಟು ಅತ್ತಳು. ಜೊಂಡು ಮೇಡಂ ಅವಳನ್ನು ತಬ್ಬಿಕೊಂಡು ಮೊದಲ ಸಲ ಜೊಂಡಿನ ಮಾತು ಮರೆತರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇವರೂ ಅಷ್ಟೇ ಮಾಡಿದರು. ಆಫೀಸಿನ ಒಂದು ನಿಯಮವಿತ್ತು: ದೊಡ್ಡ ನೀರುಹಕ್ಕಿ ಒಂದು ಜಾಗ ಹಿಡಿದು ನಿಂತರೆ, ಅದು ಗೂಡು ಕಟ್ಟಿ ಮರಿ ಹಾರುವ ತನಕ ಆ ದಂಡೆಗೆ ಮನುಷ್ಯರು ಕಾಲಿಡಬಾರದು. ಆ ನಿಯಮ ಬೇಕೇಬೇಕು ಅಂತ ಹಟ ಹಿಡಿದು ಮಾಡಿಸಿದವಳೂ ಕ್ಯಾಮೆರಾ ಅಕ್ಕನೇ. ಮೂರೇ ದಿನದಲ್ಲಿ ಕೊಲ್ಲಿಯ ಸುತ್ತ ತಂತಿಬೇಲಿ ಎದ್ದಿತು, ಗೇಟಿಗೆ ಬೀಗ ಬಿತ್ತು. ಬೋರ್ಡಿನ ಮಾತು ಅವಳೇ ಬರೆದುಕೊಟ್ಟಳು: "ಇದು ಹಕ್ಕಿಗಳ ಮನೆ. ಮನುಷ್ಯರಿಗೆ ಪ್ರವೇಶವಿಲ್ಲ." ಚೆನ್ನಾಗಿ ಬರೆದೆ ಅಂತ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಮುಂದಿನ ವಾರ ಪತ್ರಿಕೆಯವರು ಚಿತ್ರ ಕೇಳಿದರು. ಜೊಂಡು ಮೇಡಂ, "ಚೆನ್ನಾಗಿರೋದು ಒಂದು ಆರಿಸಿ, ದೊಡ್ಡದು ಮಾಡಿ ಕಳಿಸಮ್ಮ" ಅಂದರು. ಚಹಾದ ಲೋಟ ಪಕ್ಕದಲ್ಲಿಟ್ಟುಕೊಂಡು ಅವಳು ಚಿತ್ರ ತೆರೆದಳು. ಪರದೆಯ ತುಂಬ ಮಂಜು. ಮಂಜಿನ ನಡುವೆ ಬೂದು ಹೊದಿಕೆ ತಲೆಮೇಲಿಂದ ಹೊದ್ದ, ಬೆನ್ನು ಬಾಗಿದ ಒಂದು ಜೀವ. ಕೆಳಗೆ ನೀರಿಗೆ ಇಳಿದ ಎರಡು ಕಾಲು, ಮೊಣಕಾಲ ತನಕ ಮಡಚಿದ ಪ್ಯಾಂಟು.

ಹಕ್ಕಿಗೆ ಪ್ಯಾಂಟು ಎಲ್ಲಿಂದ ಬಂತು ಅಂತ ಮೊದಲು ನಗು ಬಂತು ಅವಳಿಗೆ. ಇನ್ನೂ ಹತ್ತಿರ ತಂದಳು. ಮುಖ ಕಾಣಲಿಲ್ಲ, ಆದರೆ ಹೆಗಲು ಕಂಡಿತು. ಎಡಹೆಗಲು ಬಲಕ್ಕಿಂತ ಎರಡು ಬೆರಳು ಕೆಳಗೆ. ಗಾರೆಯ ಬಾಣಲಿ ಹೊತ್ತು ಹೊತ್ತು ಹಾಗಾದ ಹೆಗಲು ಅದು. ಅಮ್ಮ ಅವನ ಅಂಗಿ ಹೊಲಿಸುವಾಗ ಪ್ರತಿ ಸಲ ದರ್ಜಿಗೆ ಅದನ್ನು ಹೇಳಿ ಹೇಳಿ ಬೈಸಿಕೊಳ್ಳುತ್ತಿದ್ದಳು. ಚಹಾದ ಲೋಟ ಯಾವಾಗ ಉರುಳಿತೋ ಕ್ಯಾಮೆರಾ ಅಕ್ಕನಿಗೆ ಗೊತ್ತಾಗಲಿಲ್ಲ. ಮೇಜಿನಿಂದ ಚಹಾ ತೊಟ್ಟಿಕ್ಕುತ್ತಲೇ ಇತ್ತು.

ಏಣಿ ಬಂದು ಅವಳ ಹಿಂದೆ ನಿಂತು ನೋಡಿದ. ಮೇಸ್ತ್ರಿಯನ್ನು ಅವನೂ ಬಲ್ಲ. ಹುಡುಕುವಾಗ ಎದೆಮಟ್ಟ ನೀರಿಗಿಳಿದು ಬಲೆ ಎಳೆದವನು ಅವನೇ.

"ಅಕ್ಕಾ, ಮುಚ್ಚಿಬಿಡಿ ಅದನ್ನ. ಅದು ಅವರಲ್ಲ. ಅವರು ಹೋದ್ರಲ್ಲ ಅಕ್ಕಾ."

"ಈ ಕ್ಯಾಮೆರಾ ಯಾವುದಕ್ಕೆ ಎಚ್ಚರಾಗುತ್ತೆ ಏಣಿ?"

"ಬಿಸಿಗೆ."

"ತಣ್ಣಗಿರೋರನ್ನ ಹಿಡಿಯುತ್ತಾ?"

ತನಗೆ ಆಗುತ್ತಿರುವುದು ಸಂತೋಷವೋ ಭಯವೋ ಅಂತ ಅವಳಿಗೇ ತಿಳಿಯಲಿಲ್ಲ. ಆಗ ಇನ್ನೊಂದು ಯೋಚನೆ ಬಂತು. ಕಂಪ್ಯೂಟರು ಅವನನ್ನು ಹಕ್ಕಿ ಅಂದದ್ದು ಮಂಜು ಕವಿದ ಕೆಲವು ದಿನ ಮಾತ್ರ. ಮಂಜಿಲ್ಲದ ದಿನ ಅವನನ್ನು ಅದು ಸರಿಯಾಗಿಯೇ ಗುರುತಿಸಿರಬೇಕು. ಮನುಷ್ಯ ಅಂತ ಬೇರೆ ಇಟ್ಟಿರಬೇಕು. ಆ ಗುಂಪನ್ನು ಪ್ರತಿ ವಾರ ಆರಿಸಿ, ಮುಖ ತಿರುಗಿಸಿಕೊಂಡು ಅಳಿಸಿದವಳು ತಾನು.

"ಅಳಿಸಿದ್ದು ವಾಪಸ್ ಬರುತ್ತಾ?" ಅಂತ ಕೇಳಿದಳು.

"ಅದೇ ಕಾರ್ಡಿನ ಮೇಲೆ ಮತ್ತೆ ಮತ್ತೆ ತುಂಬಿದೀವಲ್ಲ ಅಕ್ಕ. ಬರಲ್ಲ."

ಉಳಿದದ್ದು ಈ ವಾರದ ಗುಂಪು ಒಂದೇ. ಇನ್ನೂ ಅಳಿಸಿರಲಿಲ್ಲ. ಅದರ ಮೇಲೆ ಬೆರಳಿಟ್ಟು ಅವಳು ಸ್ವಲ್ಪ ಹೊತ್ತು ಕೂತಳು. ಕೊಟ್ಟ ಮಾತು ಅನ್ನುವುದು ಎಷ್ಟು ಭಾರ ಅಂತ ಅವಳಿಗೆ ಗೊತ್ತಿತ್ತು, ಎಲ್ಲರಿಗೂ ಅದನ್ನು ನೆನಪಿಸುತ್ತಿದ್ದವಳು ಅವಳೇ ತಾನೆ? "ಏಣಿ, ನೀನು ಹೊರಗೆ ಹೋಗು" ಅಂದಳು. ಅವನು ಹೋದ ಮೇಲೆ ತೆರೆದಳು.

ಮೊದಲು ಯಾರ್ಯಾರೋ. ಸೀರೆ ಹಿಂಡುತ್ತ ನಗುವ ಹೆಂಗಸು. ಕಲ್ಲಿನ ಮೇಲೆ ಒಬ್ಬನೇ ಕೂತು ಮುಖ ಮುಚ್ಚಿಕೊಂಡ ಗಂಡಸು. ಅವಳು "ಕ್ಷಮಿಸಿ, ಕ್ಷಮಿಸಿ" ಅಂತ ಪ್ರತಿಯೊಬ್ಬರಿಗೂ ಬಾಯಲ್ಲೇ ಹೇಳುತ್ತ ದಾಟಿದಳು. ಆಮೇಲೆ ಅವನು ಬಂದ. ಗಡ್ಡ ಬೆಳೆದಿತ್ತು, ಸೊರಗಿ ಕಡ್ಡಿಯಾಗಿದ್ದ. ದಿನವೂ ಬೆಳಕು ಹರಿಯುವ ಹೊತ್ತಿಗೆ ಬರುತ್ತಾನೆ. ಪ್ಯಾಂಟು ಮಡಚಿ ನೀರಿಗಿಳಿಯುತ್ತಾನೆ. ಕಾಲಿನಿಂದ ನೀರಿನಡಿ ಏನನ್ನೋ ತಡಕಾಡುತ್ತಾನೆ. ಬುನಾದಿ, ಅಂತ ಅವಳಿಗೆ ಹೊಳೆಯಿತು. ಯಂತ್ರದವರು ಗೋಡೆ ಕಿತ್ತರೂ ತಳದ ಬುನಾದಿ ಬಿಟ್ಟಿದ್ದರು. ಅದು ಕಾಲಿಗೆ ಸಿಕ್ಕ ಮೇಲೆ ಅದರ ಮೇಲೆ ನಿಂತುಕೊಳ್ಳುತ್ತಾನೆ, ಬಿಸಿಲು ಬರುವ ತನಕ.

ಬೇಲಿ ಹಾಕಿದ ದಿನದ ಚಿತ್ರದಲ್ಲಿ ಅವನು ಬೇಲಿಯ ಹೊರಗೆ ನಿಂತಿದ್ದ. ಮರುದಿನದ್ದರಲ್ಲಿ ತಂತಿಗೆ ಬೆರಳು ಸಿಕ್ಕಿಸಿ ಬೋರ್ಡು ಓದುತ್ತಿದ್ದ. ಬೇಲಿ ಏನು ಎತ್ತರವೇ? ಅವನಂಥವನಿಗೆ ಒಂದು ಕಾಲು ಎತ್ತಿದರೆ ಆಯಿತು. ಆದರೆ ಯಾರೋ ಹಾಕಿದ ಗೆರೆಯನ್ನು ಅವನು ಜನ್ಮದಲ್ಲಿ ದಾಟಿದವನಲ್ಲ. ಹಸಿ ಗಾರೆಯ ಮೇಲೆ ಕಾಲಿಟ್ಟರೆ ಸ್ವಂತ ತಂಗಿಯ ಬೆನ್ನಿಗೂ ಗುದ್ದುತ್ತಿದ್ದ. ಕೊನೆಯ ಚಿತ್ರದಲ್ಲಿ ತಿರುಗಿ ನೇರ ಕ್ಯಾಮೆರಾದ ಕಡೆ ನೋಡಿದ್ದ. ಅದು ಅಲ್ಲಿದೆ ಅಂತ ಅವನಿಗೆ ಗೊತ್ತಿತ್ತೋ, ಯಾರು ನೋಡುತ್ತಾರೆ ಅಂತ ಗೊತ್ತಿತ್ತೋ, ಆ ಕಣ್ಣಲ್ಲಿ ಏನೂ ಓದಲಾಗಲಿಲ್ಲ. ಅದಾದ ಮೇಲೆ ಅವನ ಚಿತ್ರ ಇರಲಿಲ್ಲ.

ಕ್ಯಾಮೆರಾ ಅಕ್ಕ ಪಕ್ಕದ ಕೋಣೆಗೆ ಹೋಗಿ ಜೊಂಡು ಮೇಡಂ ಮುಂದೆ ನಿಂತಳು. "ಅದು ಬಕ ಅಲ್ಲ ಮೇಡಂ, ನಮ್ಮಣ್ಣ. ಬೇಲಿ ತೆಗೀರಿ" ಅಂದಳು. ಮನುಷ್ಯರ ಗುಂಪನ್ನು ತೆರೆದು ನೋಡಿದೆ ಅಂತಲೂ ಹೇಳಿದಳು. ಮೇಡಂ ಚಿತ್ರ ನೋಡಲು ಒಪ್ಪಲಿಲ್ಲ. "ನಾನು ನೋಡಲ್ಲ, ನೀನು ಹೇಳಿದ್ದು ಸಾಕು" ಅಂದವರೇ ಡ್ರಾಯರಿನಿಂದ ಬೀಗದಕೈ ತೆಗೆದು ಏಣಿಯ ಕೈಗಿಟ್ಟರು. ಗೇಟು ಹಾರುಹೊಡೆಯಿತು, ಬೋರ್ಡು ಇಳಿಯಿತು. ಏಣಿ ಅತ್ತ ಹೋದ ಮೇಲೆ ಮೇಡಂ ತಲೆ ತಗ್ಗಿಸಿಯೇ ಹೇಳಿದರು:

"ಒಂದು ಮಾತು ಈಗಲೇ ಹೇಳಿಬಿಡ್ತೀನಮ್ಮ. ನಿಜವಾದ ಬಕ ಬಂದರೆ ಗೇಟು ಮುಚ್ಚಲೇಬೇಕು. ಆಗ ನನ್ನ ಕೇಳಬೇಡ."

"ಆಗಲಿ ಮೇಡಂ" ಅಂದಳು. ಮೂರು ವರ್ಷ ಬಾರದ ಹಕ್ಕಿ ಈಗ ಬಂದೀತೇ ಅಂದುಕೊಂಡಳು.

ಅಮ್ಮನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಫೋನಿನಲ್ಲಿ ಚಿತ್ರ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಮ್ಮ ಕೈ ಒರೆಸಿಕೊಂಡು ಚಿತ್ರ ನೋಡಿದಳು. ಕುಣಿಯಲಿಲ್ಲ, ಅಳಲಿಲ್ಲ. ಬದುಕಿದ್ದಾನೆ ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಎಷ್ಟು ಸೊರಗಿದಾನೆ" ಅಂದಳು. ಆಮೇಲೆ, "ಈಗ ಎಲ್ಲಿದಾನೆ?"

ಮಗಳು ಎಲ್ಲ ಹೇಳಿದಳು. ಹಕ್ಕಿ ಅಂತ ಅಂದುಕೊಂಡದ್ದು, ಬೇಲಿ, ಬೀಗ, ಬೋರ್ಡು.

"ನನ್ನ ಮಗನ್ನ ಕೊಕ್ಕರೆ ಅಂದ್ಯಾ?"

"ಕಂಪ್ಯೂಟರು ಹಾಗಂತು ಅಮ್ಮ..."

"ಕಂಪ್ಯೂಟರು ಅವನ ಜೊತೆ ಒಂದೇ ತಟ್ಟೇಲಿ ಉಂಡಿತ್ತಾ? ನೀನು ಉಂಡಿದ್ದೆ ಕಣೇ!" ಅಮ್ಮನ ದನಿ ಒಡೆಯಿತು. "ಬೋರ್ಡಲ್ಲಿ ಏನು ಬರೆದಿತ್ತು?"

ಹೇಳಿದಳು.

ಅಮ್ಮ ಒಲೆ ಆರಿಸಿ ನೆಲದ ಮೇಲೆ ಕೂತಳು. "ಅವನಿಗೆ ಓದೋಕೆ ಕಲಿಸಿದ್ದೇ ತಪ್ಪಾಯ್ತು ನಾನು" ಅಂದಳು.

ಮರುದಿನದಿಂದ ಇಬ್ಬರೂ ಬೆಳಕು ಹರಿಯುವ ಮೊದಲೇ ಕೊಲ್ಲಿಗೆ ಹೋಗತೊಡಗಿದರು. ಹಗಲೆಲ್ಲ ಏಣಿ ಸೈಕಲ್ ಹಿಡಿದು ಕಟ್ಟಡ ಕೆಲಸ ನಡೆಯುವ ಕಡೆಯೆಲ್ಲ ಫೋಟೋ ತೋರಿಸಿ ಬಂದ. ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ವಿಚಾರಿಸಿದರು. ಹೌದು, ಇಂಥವನೊಬ್ಬ ಇಲ್ಲಿ ಕೆಲಸಕ್ಕಿದ್ದ, ಮಾತೇ ಆಡುತ್ತಿರಲಿಲ್ಲ, ಬೇಲಿ ಹಾಕಿದ ವಾರವೇ ಎದ್ದು ಹೋದ ಅಂತ ಒಂದು ಕಡೆ ಸಿಕ್ಕಿತು. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರೆ. ಇಲ್ಲಿ ಎಲ್ಲ ಮುಗಿದ ಮೇಲೆ ಬಾಗಿಲು ತೆಗೆದಿದ್ದರು. ಉಳಿದದ್ದು ಒಂದೇ ಆಸೆ. ಆ ಬುನಾದಿಯನ್ನು ಬಿಟ್ಟು ಅವನು ಬಹಳ ದಿನ ಇರಲಾರ. ಒಂದಲ್ಲ ಒಂದು ಮುಂಜಾನೆ ಬಂದೇ ಬರುತ್ತಾನೆ. ಬಂದಾಗ ಗೇಟು ತೆರೆದಿರಬೇಕು.

ಕಾಯುವ ಜಾಗ ಅಂದರೆ ಇಳಿಜಾರಿನ ಮೇಲೆ ಒಂದು ಹಲಗೆ. ಎದುರಿಗೆ ಜೊಂಡು ಎದೆಯೆತ್ತರ ಬೆಳೆದಿತ್ತು. ಗಾಳಿ ಬಂದರೆ ಅದರೊಳಗೆ ಯಾರೋ ನಡೆದು ಬಂದ ಹಾಗೆ ಸದ್ದು. ಪ್ರತಿ ಸಲ ಇಬ್ಬರೂ ಒಟ್ಟಿಗೆ ತಲೆ ಎತ್ತುವರು, ಒಟ್ಟಿಗೆ ಇಳಿಸುವರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ದಿನ ನೀರಿನ ಅಂಚಿನ ಕೆಸರಲ್ಲಿ ಬರಿಗಾಲಿನ ಹೆಜ್ಜೆ ಇತ್ತು. ಅಮ್ಮ ಅದರ ಪಕ್ಕ ಕೂತು ಗೇಣು ಹಾಕಿ ಅಳೆದು, "ಅವನದಲ್ಲ, ಅವನ ಹೆಬ್ಬೆರಳು ಹೀಗಿಲ್ಲ" ಅಂದು ಎದ್ದಳು. ಆಫೀಸಿನಲ್ಲಿ ಕ್ಯಾಮೆರಾ ಅಕ್ಕ ಈಗ ಖಾಲಿ ಚಿತ್ರಗಳನ್ನೂ ಒಂದೊಂದಾಗಿ ತೆರೆದು ನೋಡುತ್ತಿದ್ದಳು. ಅದೇ ಕೊಲ್ಲಿ, ಅದೇ ಮುಂಜಾನೆ, ಯಾರೂ ಇಲ್ಲ. ಏನೋ ಬಿಸಿ ತಾಗದೆ ಕ್ಯಾಮೆರಾ ಎಚ್ಚರಾಗಲ್ಲ, ಹಾಗಾದರೆ ಇದು ಯಾಕೆ ಎಚ್ಚರಾಯಿತು? ಬಿಸಿಲಿಗೆ ಕಾದ ಜೊಂಡು ತೂಗಿದರೂ ಹಾಗಾಗುತ್ತದೆ ಅಂತ ಅವಳೇ ಹೊಸಬರಿಗೆ ಹೇಳಿಕೊಡುತ್ತಿದ್ದಳು. ಆದರೆ ಬಿಸಿಲೇ ಬಾರದ ಹೊತ್ತಿನ ಚಿತ್ರಗಳೂ ಇದ್ದವು. ಅವನ್ನು ಅಳಿಸಲು ಅವಳಿಗೆ ಕೈ ಬರಲಿಲ್ಲ.

ಅಮ್ಮ ಸೊರಗಿದಳು. ಕೆಮ್ಮು ಹಿಡಿಯಿತು. "ನಾಳೆ ನಾನೊಬ್ಬಳೇ ಬರ್ತೀನಮ್ಮ" ಅಂದರೆ, "ನೀನು ಮತ್ತೆ ಏನಾದ್ರೂ ಹಕ್ಕಿ ಅಂದುಬಿಟ್ರೆ?" ಅನ್ನುವಳು. ತಮಾಷೆಗೆ ಅಂದದ್ದೇ. ಆದರೂ ಚುಚ್ಚುತ್ತಿತ್ತು.

ಆ ದಿನ ಮಂಜು ದಟ್ಟವಾಗಿತ್ತು. ಇಬ್ಬರೂ ಹಲಗೆಯ ಮೇಲೆ ಒಂದೇ ಶಾಲು ಹೊದ್ದು ಕೂತಿದ್ದರು. ಆಚೆ ದಡದ ದೀಪಗಳು ಒಂದೊಂದಾಗಿ ಆರುತ್ತಿದ್ದವು. ಆಗ ನೀರಿನ ಮೇಲೆ ಬೂದು ಬಣ್ಣದ್ದೇನೋ ಅಲುಗಿತು. ಎತ್ತರ, ತೆಳ್ಳಗೆ, ಕುತ್ತಿಗೆ ಬಾಗಿಸಿ ನಿಂತಿತ್ತು. ಸರಿಯಾಗಿ ಆ ಬುನಾದಿಯ ಮೇಲೆ.

ಕ್ಯಾಮೆರಾ ಅಕ್ಕ ಎದ್ದು ನಿಂತುಬಿಟ್ಟಳು. "ಅಣ್ಣಾ" ಅನ್ನುವ ಮಾತು ಗಂಟಲ ತನಕ ಬಂತು. ಆಗ ಅದು ಒಂದು ಕಾಲನ್ನು ನೀರಿನಿಂದ ಮೇಲೆತ್ತಿ, ಬೆರಳು ಮಡಚಿ, ತುಂಬ ನಿಧಾನವಾಗಿ ಮುಂದಿಟ್ಟಿತು. ತಲೆಯ ಹಿಂದೆ ಕಪ್ಪು ಗರಿ. ಹಳದಿ ಕೊಕ್ಕು. ಕತ್ತು ಚಿಮ್ಮಿ ನೀರಿಗೆ ಬಿತ್ತು, ಮೇಲೆದ್ದಾಗ ಕೊಕ್ಕಿನ ನಡುವೆ ಬೆಳ್ಳಿಯ ಬಣ್ಣದ ಮೀನು ಒದ್ದಾಡುತ್ತಿತ್ತು.

ಬೂದು ಬಕ. ನಿಜವಾದದ್ದು.

ಏನು ಹೇಳಲಿ, ಅವಳ ಮೈ ಜುಮ್ಮೆಂದಿತು. ಬೇಡ ಬೇಡ ಅಂದರೂ ಕಣ್ಣು ತುಂಬಿತು. ಕಪ್ಪು ಕೊಳೆ ಹರಿಯುತ್ತಿದ್ದ ಜಾಗ ಇದು. ಮೂಗು ಮುಚ್ಚಿಕೊಂಡು ಜೊಂಡು ನೆಟ್ಟ ದಿನಗಳು, ಅದು ಕೊಳೆತು ಹೋಗಿ ಮತ್ತೆ ನೆಟ್ಟ ದಿನಗಳು, ಅಣ್ಣನ ಜೊತೆ ಆಡಿದ ಜಗಳ, ಎಲ್ಲಕ್ಕೂ ಇದೇ ಉತ್ತರ ಅಂತ ಎದುರಿಗೆ ನಿಂತು ಮೀನು ನುಂಗುತ್ತಿತ್ತು. ಅವಳು ಅಮ್ಮನ ಕಡೆ ತಿರುಗಿದಳು. ಅಮ್ಮ ಅದನ್ನೇ ನೋಡುತ್ತಿದ್ದಳು. ಇವಳಿಗೆ ಭಯವಾಯಿತು, ವಯಸ್ಸಾದ ಜೀವ, ನನ್ನ ಮಗ ಬಂದ ಅಂತ ಈಗ ಕೈಮುಗಿದುಬಿಟ್ಟರೆ ಏನು ಮಾಡಲಿ ಅಂತ.

"ಅಮ್ಮಾ, ಅದು..."

"ಗೊತ್ತು. ಹಕ್ಕಿ ಅದು. ನನಗೇನು ಮರುಳಾ?" ಅಂದಳು ಅಮ್ಮ. "ಇದು ಬಂತಲ್ಲ. ಇನ್ನು ಗೇಟು ಹಾಕ್ತಾರಾ?"

"ಹೂಂ."

"ಬೀಗ?"

"ಹೂಂ ಅಮ್ಮ. ಮರಿ ಹಾರೋ ತನಕ."

"ಬೋರ್ಡು?"



ಅಮ್ಮ ಶಾಲನ್ನು ಮಗಳ ಹೆಗಲಿಗೆ ಬಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು. ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆಯಿಟ್ಟು ನೀರಿನ ಅಂಚಿಗೆ ಹೋಗಿ ಎರಡೂ ಕೈ ತಟ್ಟಿದಳು. "ಹುಶ್! ಹೋಗು! ಹುಶ್!" ಬಕ ಕುತ್ತಿಗೆ ನೆಟ್ಟಗೆ ಮಾಡಿ ಅವಳನ್ನು ನೋಡಿತು. ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ನಿಂತಿತು. "ಹೋಗಪ್ಪ" ಅಂದಳು ಅಮ್ಮ, ಈ ಸಲ ಬೇಡುವ ದನಿಯಲ್ಲಿ. "ನಿನಗೆ ಇಡೀ ನದಿ ಇದೆ. ಅವನಿಗೆ ಇದೊಂದೇ ಜಾಗ." ಕೆಮ್ಮು ಒತ್ತರಿಸಿ ಬಂತು, ಬಾಗಿ ಕೆಮ್ಮುತ್ತಲೇ ಕೈ ತಟ್ಟಿದಳು.

ತಡೆಯಬೇಕಾದವಳು ಕ್ಯಾಮೆರಾ ಅಕ್ಕ. ಈ ಹಕ್ಕಿಯ ಹತ್ತಿರ ಯಾರಾದರೂ ಜೋರಾಗಿ ಸೀನಿದ್ದರೂ ಅವಳು ಜಗಳಕ್ಕೆ ಬೀಳುತ್ತಿದ್ದಳು. ಈಗ ಇಳಿಜಾರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೈಗೆ ಸಿಕ್ಕ ಕಲ್ಲು ಆರಿಸಿಕೊಂಡಳು. ಎಸೆದಳು. ಕಲ್ಲು ಬಕದ ಪಕ್ಕ ಬುಳುಕ್ಕೆಂದು ಮುಳುಗಿತು. ಕರ್ಕಶವಾಗಿ ಕೂಗಿ ಅದು ದೊಡ್ಡ ರೆಕ್ಕೆ ಬಿಚ್ಚಿ ಮೇಲೆದ್ದಿತು. ಕೊಲ್ಲಿಯ ಮೇಲೆ ಒಂದು ಸುತ್ತು ಹಾಕಿ, ಬೇರೆಲ್ಲೂ ಹೋಗದೆ, ಅಲ್ಲಿಗೇ ಬಂದು ಇಳಿಯಿತು. ಅವಳು ಮತ್ತೆ ಎಸೆದಳು. ಅಳುತ್ತ, ಮೂಗು ಸೋರುತ್ತ, "ಹೋಗೇ, ಹೋಗೇ, ನಿನ್ನ ಕಾಲಿಗೆ ಬೀಳ್ತೀನಿ ಹೋಗು" ಅನ್ನುತ್ತ ಎಸೆದಳು. ಈ ಸಲ ಅದು ಎದ್ದು ಸೇತುವೆಯ ಕಡೆ ಹಾರಿತು. ಮಂಜು ಅದನ್ನು ಮುಚ್ಚಿತು, ರೆಕ್ಕೆಯ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳಿಸಿತು.

"ಸಾಕು ಬಾ" ಅಂದಳು ಅಮ್ಮ, ಹಲಗೆಗೆ ವಾಪಸ್ ಬಂದು ಕೂರುತ್ತ. "ಅವನು ಬರೋ ಹೊತ್ತಾಯ್ತು. ಮುಖ ಒರೆಸ್ಕೋ."

ಕ್ಯಾಮೆರಾ ಅಕ್ಕ ಮುಖ ಒರೆಸಿಕೊಂಡು ಅಮ್ಮನ ಪಕ್ಕ ಕೂತಳು, ನೀರಿಗೆ ಬೆನ್ನು ಹಾಕಿ, ಗೇಟಿನ ಕಡೆ ಮುಖ ಮಾಡಿ. ಮಡಿಲಲ್ಲಿ ಇನ್ನೂ ಎರಡು ಕಲ್ಲು ಇಟ್ಟುಕೊಂಡಿದ್ದಳು.